ನಡುನೀರಿನ ಒಂದು ದಿನ: ಪೂಲಾ, ನೆರಳಾ, ನಿದ್ದೆಯಾ?

ಕ್ರೂಸ್ ಅಂದರೆ ದಿನಕ್ಕೊಂದು ಊರು ಅಂದುಕೊಂಡು ಹೊರಡುವವರೇ ಜಾಸ್ತಿ. ಟಿಕೆಟ್ ಕೈಗೆ ಬಂದ ಮೇಲೆ ನೋಡಿದರೆ ನಡುವೆ ಒಂದು ದಿನ ಊರಿನ ಹೆಸರೇ ಇರುವುದಿಲ್ಲ. 'ಅಟ್ ಸೀ' ಅಂತ ಬರೆದಿರುತ್ತಾರೆ. ಅವತ್ತು ಹಡಗು ಎಲ್ಲೂ ನಿಲ್ಲುವುದಿಲ್ಲ, ಯಾರೂ ಇಳಿಯುವ ಹಾಗಿಲ್ಲ, ಸುತ್ತ ನೀರು. ಶ್ರೀನಿವಾಸಪುರದ ನಮ್ಮ ಭಾವ ಆ ಸಾಲನ್ನು ಎರಡು ಸಲ ಓದಿ ಕೇಳಿದ್ದು ಒಂದೇ ಮಾತು: "ಈ ದಿನಕ್ಕೂ ದುಡ್ಡು ಇಸ್ಕೊಂಡವ್ರಾ?"

ಇಸ್ಕೊಂಡಿದ್ದರು. ನಾವು ಏಳು ಜನ. ತುಮಕೂರಿನಿಂದ ನಾನು, ನಮ್ಮ ಮನೆಯವರು, ಹದಿನಾಲ್ಕು ವರ್ಷದ ಮಗ, ಎಪ್ಪತ್ತು ದಾಟಿದ ಅತ್ತೆ. ಆ ಕಡೆಯಿಂದ ಅಕ್ಕ, ಭಾವ, ಚಿಕ್ಕಬಳ್ಳಾಪುರದಲ್ಲಿ ಓದುತ್ತಿರುವ ಅವರ ಮಗಳು. ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸು ಬರುವ ಪ್ರಯಾಣ. ವಾಪಸು ಬರುವಾಗ ಒಂದು ಪೂರ್ತಿ ದಿನ ನೀರಿನ ಮೇಲೆ. ಏಳು ಜನರೂ ಆ ದಿನವನ್ನು ಏಳು ಥರ ಕಳೆದರು. ಯಾರದ್ದು ಚೆನ್ನಾಗಿತ್ತು, ಯಾರದ್ದು ದಂಡ ಆಯಿತು ಅಂತ ಮನೆಗೆ ಬಂದ ಮೇಲೆ ವಾರಗಟ್ಟಲೆ ವಾದ ಆಗಿದೆ. ಈಗ ನಮ್ಮ ಬೀದಿಯಲ್ಲಿ ಯಾರೇ ಕ್ರೂಸ್ ಅಂದರೂ ನನ್ನ ಹತ್ತಿರ ಕೇಳಲು ಬರುತ್ತಾರೆ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ.

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಹಡಗಿನಲ್ಲಿ ಯಾವುದು ಚೆನ್ನಾಗಿದೆ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಎಲ್ಲಿ ಜನ ಇಲ್ಲ ಅನ್ನುವುದು ಮುಖ್ಯ. ಬೇರೆ ದಿನ ಅರ್ಧಕ್ಕರ್ಧ ಜನ ಊರು ನೋಡಲು ಇಳಿದಿರುತ್ತಾರೆ. ಇವತ್ತು ಸಾವಿರಾರು ಜನವೂ ಒಳಗೇ. ಜಾತ್ರೆಗೆ ಹೋಗಿ ಅಭ್ಯಾಸ ಇರುವವರು ತೇರು ಎಳೆಯುವ ಹೊತ್ತಿಗೆ ಊಟ ಮುಗಿಸುತ್ತಾರಲ್ಲ, ಆ ಬುದ್ಧಿ ಇಲ್ಲೂ ಬೇಕು.

ಹಡಗು ಯಾವುದು, ನೀರು ಯಾವುದು

ದಿನ ಹೇಗಿರುತ್ತದೆ ಅನ್ನುವುದು ಅರ್ಧ ಇಲ್ಲೇ ತೀರ್ಮಾನ ಆಗುತ್ತದೆ. ಮುಂಬೈಯಿಂದ 2021ರ ಸೆಪ್ಟೆಂಬರ್‌ನಲ್ಲಿ ಓಡಾಟ ಶುರು ಮಾಡಿದ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರಲ್ಲಿ ಕಟ್ಟಿದ್ದು. ಉದ್ದ ಸುಮಾರು 210 ಮೀಟರ್. ಸಿಂಗಾಪುರದಿಂದ ಹೊರಡುವ ಜೆಂಟಿಂಗ್ ಡ್ರೀಮ್ 2016ರದ್ದು, ಸುಮಾರು 335 ಮೀಟರ್. ಚಿಕ್ಕ ಹಡಗಿನಲ್ಲಿ ಒಂದು ದಿನಕ್ಕೆ ಎಲ್ಲ ಮೂಲೆಯೂ ಪರಿಚಯ ಆಗಿಬಿಡುತ್ತದೆ. ವಯಸ್ಸಾದವರಿಗೆ ನಡಿಗೆ ಕಡಿಮೆ. ದೊಡ್ಡದರಲ್ಲಿ ಆಯ್ಕೆ ಜಾಸ್ತಿ, ಲಿಫ್ಟಿಗೆ ಕಾಯುವುದೂ ಜಾಸ್ತಿ. ಹಿರಿಯರು ಇದ್ದರೆ ನಾನು ಚಿಕ್ಕದಕ್ಕೇ ಓಟು ಹಾಕುತ್ತೇನೆ. ಹದಿನಾಲ್ಕು ವರ್ಷದವನು ಜೊತೆಗಿದ್ದರೆ ದೊಡ್ಡದು. ಇಬ್ಬರೂ ಇದ್ದರೆ ಮಗ ಗೆಲ್ಲುತ್ತಾನೆ, ನಮ್ಮನೆಯಲ್ಲಿ ಆಗಿದ್ದೂ ಅದೇ.

ನೀರಿನ ವಿಷಯ. ಅರಬ್ಬೀ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಗಾಳಿಗೆ ಎದ್ದಿರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋದರೆ ನೆಮ್ಮದಿ. ಸಿಂಗಾಪುರದ ಮೇಲಿನ ಮಲಾಕ್ಕಾ ಜಲಸಂಧಿಗೆ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ ಅಡ್ಡ ನಿಂತಿವೆ. ಅಲ್ಲಿ ದೊಡ್ಡ ಅಲೆ ಅಪರೂಪ. ಕೋಲಾರದ ಕಡೆಯವರಿಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಚೆನ್ನೈ. ಅಲ್ಲಿಂದ ಶ್ರೀಲಂಕಾಕ್ಕೆ 2023ರಲ್ಲಿ ಹಡಗು ಶುರುವಾಯಿತು. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರ್, ನವೆಂಬರ್ ತಿಂಗಳು ಚಂಡಮಾರುತದ ಕಾಲ ಅನ್ನುವುದು ನೆನಪಿರಲಿ.

ಅಕ್ಕನ ಕಥೆ ಇಲ್ಲೇ ಹೇಳಬೇಕು. ನಂದಿ ಬೆಟ್ಟದ ಮೂರನೇ ತಿರುವಿಗೇ ಕಾರು ನಿಲ್ಲಿಸು ಅನ್ನುವವಳು ಅವಳು. ಕ್ಯಾಬಿನ್ ಬುಕ್ ಮಾಡುವಾಗ ಕಡಿಮೆಗೆ ಸಿಕ್ಕಿತು ಅಂತ ಹಡಗಿನ ಮೂತಿಯ ಕಡೆ, ಮೇಲಿನ ಅಂತಸ್ತಿನಲ್ಲಿ ತಗೊಂಡರು. ಬಸ್ಸಿನ ಕೊನೇ ಸೀಟು ಗೊತ್ತಲ್ಲ, ಅದೇ ಲೆಕ್ಕ. ಹಡಗು ನಡುವಿನಲ್ಲಿ ಕಡಿಮೆ ಆಡುತ್ತದೆ, ತುದಿಗಳಲ್ಲಿ ಜಾಸ್ತಿ. ಕೆಳಗೆ ಕಡಿಮೆ, ಮೇಲೆ ಜಾಸ್ತಿ. ಫುಕೆಟ್ ಬಿಟ್ಟ ರಾತ್ರಿ ಸ್ವಲ್ಪ ತೂಗಾಡಿತು. ನಮಗೆ ತೊಟ್ಟಿಲಿನ ಹಾಗೆ ಅನಿಸಿತು, ಅವಳು ಬಾತ್‌ರೂಮ್ ಬಿಟ್ಟು ಹೊರಗೆ ಬರಲಿಲ್ಲ. ವಾಂತಿ ಆದ ಮೇಲೆ ಮಾತ್ರೆ ನುಂಗಿದಳು. ಅದು ಹೊರಡುವ ಮುಂಚೆ ತಗೊಳ್ಳುವ ಮಾತ್ರೆ. ಹೊಟ್ಟೆಯಲ್ಲಿ ನಿಲ್ಲಲೇ ಇಲ್ಲ. ಬೆಳಿಗ್ಗೆ ಇನ್ನೊಂದು ತಗೊಂಡಳು, ಅದರ ಮತ್ತಿಗೆ ಮಧ್ಯಾಹ್ನ ಮೂರರವರೆಗೆ ನಿದ್ದೆ. ನಡುನೀರಿನ ದಿನ ಅವಳಿಗೆ ಹಾಗೆ ಹೋಯಿತು. ಬಸ್ಸಿನಲ್ಲಿ ವಾಂತಿ ಆಗುವವರು ಊರಲ್ಲೇ ಡಾಕ್ಟರನ್ನು ಕೇಳಿ ಮಾತ್ರೆ ಕಟ್ಟಿಸಿಕೊಳ್ಳಿ. ಬಿಪಿ, ಶುಗರ್ ಮಾತ್ರೆ ನುಂಗುವವರಂತೂ ಕೇಳದೆ ತಗೊಳ್ಳಬೇಡಿ. ತಲೆ ತಿರುಗಿದಾಗ ಕ್ಯಾಬಿನ್‌ನಲ್ಲಿ ಕಣ್ಮುಚ್ಚಿ ಮಲಗುವುದಕ್ಕಿಂತ ಹೊರಗೆ ಬಂದು ದೂರದ ಬಾನಂಚು ನೋಡುತ್ತಾ ನಿಲ್ಲುವುದು ವಾಸಿ. ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಡುತ್ತಿದ್ದೇವೆ ಅನ್ನುತ್ತದೆ, ಕಣ್ಣು ಗೋಡೆ ನೋಡಿ ಇಲ್ಲ ಅನ್ನುತ್ತದೆ. ಆ ಜಗಳದಿಂದಲೇ ವಾಂತಿ. ಬಾನಂಚು ನೋಡಿದರೆ ಇಬ್ಬರೂ ಒಂದೇ ಮಾತಾಡುತ್ತಾರೆ.

ಪೂಲ್ ಡೆಕ್ಕಾ, ನೆರಳಿನ ಡೆಕ್ಕಾ

ಜಾಹೀರಾತಿನಲ್ಲಿ ತೋರಿಸುವುದು ಪೂಲ್ ಡೆಕ್. ನೀಲಿ ನೀರು, ಒರಗುಕುರ್ಚಿ, ಕೈಯಲ್ಲಿ ಜ್ಯೂಸ್. ನಡುನೀರಿನ ದಿನ ಬೆಳಿಗ್ಗೆ ಹತ್ತೂವರೆಗೆ ಅಲ್ಲಿ ಹೋಗಿ ನೋಡಿ. ಒಂದು ಕುರ್ಚಿ ಖಾಲಿ ಇರುವುದಿಲ್ಲ. ಜನ ಇಲ್ಲದ ಕುರ್ಚಿಗಳ ಮೇಲೂ ಟವೆಲ್ ಹಾಸಿರುತ್ತದೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವುದು ನಮ್ಮ ಕಂಡುಹಿಡಿತ ಅಂದುಕೊಂಡಿದ್ದೆ. ಅಲ್ಲ, ಇಡೀ ಪ್ರಪಂಚವೇ ಹೀಗೆ. ಡಿಜೆ ಸದ್ದು ಬೇರೆ. ಸಿಂಗಾಪುರದ ಆಸುಪಾಸು ಅಂದರೆ ಭೂಮಧ್ಯರೇಖೆಯ ಪಕ್ಕ. ಮಧ್ಯಾಹ್ನ ನೆಲ ಕಾದು ಬರಿಗಾಲು ಇಡಲು ಆಗುವುದಿಲ್ಲ.

ಪೂಲ್ ಬೇಡ ಅನ್ನುತ್ತಿಲ್ಲ. ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋಗಿ, ಅಥವಾ ಸಂಜೆ ಎಲ್ಲರೂ ಊಟಕ್ಕೆ ರೆಡಿ ಆಗಲು ಕ್ಯಾಬಿನ್‌ಗೆ ಹೋದಾಗ ಹೋಗಿ. ಅಕ್ಕನ ಮಗಳು ಸಂಜೆ ಆರೂವರೆಗೆ ಇಳಿದಾಗ ಪೂಲಿನಲ್ಲಿ ಇವಳೊಬ್ಬಳು, ಇನ್ನೊಂದು ಮಗು, ಅಷ್ಟೇ. ಎಷ್ಟೋ ಹಡಗುಗಳಲ್ಲಿ ಪೂಲಿಗೆ ತುಂಬುವುದು ಸಮುದ್ರದ ನೀರೇ. ಬಾಯಿಗೆ ಹೋದರೆ ಉಪ್ಪು. ಈಜಲು ಈಜುಡುಗೆಯೇ ಬೇಕು, ಚೂಡಿದಾರದಲ್ಲಿ ಇಳಿಯಲು ಬಿಡುವುದಿಲ್ಲ. ಮೈ ಮುಚ್ಚುವ ಈಜುಡುಗೆ ಬೆಂಗಳೂರಿನ ಅಂಗಡಿಗಳಲ್ಲೇ ಸಿಗುತ್ತದೆ, ಮೊದಲೇ ತಗೊಂಡು ಹೋಗಿ. ಹಡಗಿನ ಅಂಗಡಿಯಲ್ಲಿ ಕೇಳಿದ ಬೆಲೆಗೆ ಒಂದು ರೇಷ್ಮೆ ಸೀರೆ ಬರುತ್ತಿತ್ತು.

ಈಗ ಇನ್ನೊಂದು ಡೆಕ್. ಲೈಫ್‌ಬೋಟ್‌ಗಳು ನೇತಾಡುವ ಅಂತಸ್ತು. ಹಡಗಿನ ಎರಡೂ ಪಕ್ಕದಲ್ಲಿ ಉದ್ದಕ್ಕೆ ಜಗಲಿಯ ಹಾಗೆ ಇರುತ್ತದೆ. ಮೇಲೆ ಕಿತ್ತಳೆ ಬಣ್ಣದ ದೋಣಿಗಳು, ಅವುಗಳ ಕೆಳಗೆ ನೆರಳು, ನೀರು ಹತ್ತಿರ, ಗಾಳಿ ಜೋರು. ಬಹಳ ಜನಕ್ಕೆ ಆ ಬಾಗಿಲು ಇರುವುದೇ ಗೊತ್ತಿರುವುದಿಲ್ಲ. ನಮ್ಮ ಅತ್ತೆ ಮೊದಲ ದಿನವೇ ಅದನ್ನು ಹುಡುಕಿಕೊಂಡರು.

ಅತ್ತೆ ಊರಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಏಳುವವರು. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಸುಮಾರು ಏಳಕ್ಕೆ. ಲೆಕ್ಕ ಹಾಕಿ ನೋಡಿ. ಯಾವ ಅಲಾರಂ ಇಲ್ಲದೆ ಅವರು ಎದ್ದ ಹೊತ್ತಿಗೇ ಸೂರ್ಯ ಹುಟ್ಟುತ್ತಿತ್ತು. ಹಡಗಿನ ಜನವೆಲ್ಲ ಮಲಗಿರುವಾಗ ಅವರು ಆ ಜಗಲಿಗೆ ಹೋಗಿ ಒಂದು ಕುರ್ಚಿ ಹಿಡಿದರು. ಚೀಲದಿಂದ ಹತ್ತಿ ತೆಗೆದು ಬತ್ತಿ ಹೊಸೆಯಲು ಶುರು ಮಾಡಿದರು. ಹೂಬತ್ತಿ. ಎಡಗೈ ಅಂಗೈಯಲ್ಲಿ ಹತ್ತಿಯ ಎಳೆ, ಬಲಗೈ ಬೆರಳಿಗೆ ಒಂಚೂರು ಹಾಲು ಮುಟ್ಟಿಸಿ ತುದಿ ತಿರುವುದು. ಹಾಲು ಬಫೆಯಿಂದ ತಂದ ಪುಟ್ಟ ಡಬ್ಬಿಯದ್ದು. ಗಾಳಿಗೆ ಹತ್ತಿ ಹಾರಿ ಹೋಗುತ್ತಿತ್ತು. ಅದಕ್ಕೆ ಸೆರಗಿನ ಒಳಗೆ ಕೈ ಇಟ್ಟು ಹೊಸೆಯುತ್ತಿದ್ದರು. ಡೆಕ್ ಒರೆಸುತ್ತಿದ್ದ ಫಿಲಿಪೀನ್ಸ್ ಹುಡುಗ ನಿಂತು ನೋಡಿದ. ಅವನಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಹತ್ತು ನಿಮಿಷದಲ್ಲಿ ಅವನೂ ಎರಡು ಬತ್ತಿ ಮಾಡಿದ. "ಒಂದು ಪರವಾಗಿಲ್ಲ, ಇನ್ನೊಂದು ಗುಂಡಗೆ ಗೋಲಿ ಆಗಿದೆ" ಅಂತ ಅತ್ತೆ ತೀರ್ಪು ಕೊಟ್ಟರು. ನಾನು ಒಂಬತ್ತಕ್ಕೆ ಹುಡುಕಿಕೊಂಡು ಹೋಗುವಷ್ಟರಲ್ಲಿ ನೂರೆಂಟು ಮುಗಿದಿತ್ತು.

ಹಡಗು ಹತ್ತುವ ದಿನ ಎಲ್ಲರಿಗೂ ಒಂದು ಡ್ರಿಲ್ ಮಾಡಿಸುತ್ತಾರೆ. ಏಳು ಸಣ್ಣ ಸದ್ದು, ಒಂದು ಉದ್ದ ಸದ್ದು ಕೇಳಿದರೆ ಎಲ್ಲಿಗೆ ಬರಬೇಕು ಅಂತ ತೋರಿಸುತ್ತಾರೆ. ಟೈಟಾನಿಕ್ 1912ರಲ್ಲಿ ಮುಳುಗಿದ ಮೇಲೆ, 1914ರಲ್ಲಿ ದೇಶಗಳು ಸೇರಿ ಮಾಡಿಕೊಂಡ ಒಪ್ಪಂದದಿಂದ ಬೆಳೆದು ಬಂದ ನಿಯಮಗಳು ಇವು. ಅತ್ತೆ ಕೂತಿದ್ದ ಕುರ್ಚಿ ಸರಿಯಾಗಿ ಒಂದು ದೋಣಿಯ ಕೆಳಗೆ. "ಏನಾದ್ರೂ ಆದ್ರೆ ನಾನೇ ಮೊದಲು" ಅಂತ ನಗುತ್ತಿದ್ದರು.

ನೆರಳು ಯಾವ ಕಡೆ ಅನ್ನುವುದು ಬಸ್ಸಿನ ಲೆಕ್ಕವೇ. ತುಮಕೂರಿನಿಂದ ಮಧ್ಯಾಹ್ನ ಶಿವಮೊಗ್ಗದ ಬಸ್ ಹತ್ತಿದರೆ ಎಡಗಡೆ ಬಿಸಿಲು ಹೊಡೆಯುತ್ತದೆ, ಅಲ್ವಾ? ಸಿಂಗಾಪುರದಿಂದ ಪೆನಾಂಗ್ ಕಡೆಗೂ ದಿಕ್ಕು ಅದೇ, ವಾಯವ್ಯ. ಹೋಗುವಾಗ ಬೆಳಿಗ್ಗೆ ಎಡಗಡೆ ನೆರಳು, ಮಧ್ಯಾಹ್ನದ ಮೇಲೆ ಬಲಗಡೆ. ವಾಪಸು ಬರುವಾಗ ಉಲ್ಟಾ. ಮುಂಬೈಯಿಂದ ದಕ್ಷಿಣಕ್ಕೆ ಇಳಿಯುವ ಹಡಗಿನಲ್ಲಿ ಬೆಳಿಗ್ಗೆ ಬಲಗಡೆ ಕೂರಬೇಕು.

ಓದುವವರಿಗೆ, ಜಪ ಮಾಡುವವರಿಗೆ, ಸುಮ್ನೆ ಕೂರುವವರಿಗೆ, ಮಂಡಿ ನೋವಿನವರಿಗೆ ಈ ಜಗಲಿಗೆ ಸಮ ಯಾವುದೂ ಇಲ್ಲ. ಪೂಲ್ ಡೆಕ್ ಮಕ್ಕಳಿಗೆ, ಫೋಟೊ ಬೇಕಾದವರಿಗೆ. ಕೆಲವು ಹಡಗುಗಳಲ್ಲಿ ಈ ಜಗಲಿ ಪೂರ್ತಿ ಸುತ್ತಲೂ ಇರುವುದಿಲ್ಲ, ತುಂಡು ತುಂಡಾಗಿರುತ್ತದೆ. ಬುಕ್ ಮಾಡುವ ಮುಂಚೆ ಡೆಕ್ ಪ್ಲಾನ್ ನೋಡಿ.

ಬಫೆಯಾ, ಕೂತು ಉಣ್ಣುವ ಹಾಲಾ

ಎರಡಕ್ಕೂ ಬೇರೆ ದುಡ್ಡು ಇಲ್ಲ, ಟಿಕೆಟ್ಟಿನಲ್ಲೇ ಸೇರಿದೆ. ಆದರೂ ಹತ್ತರಲ್ಲಿ ಎಂಟು ಜನ ಬಫೆಗೇ ಹೋಗುತ್ತಾರೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ ಅಲ್ಲಿ ತಟ್ಟೆ ಹಿಡಿದುಕೊಂಡು ಮೇಜು ಹುಡುಕುವುದು ಮದುವೆ ಮನೆಯ ಎರಡನೇ ಪಂಕ್ತಿಗಿಂತ ಕಷ್ಟ. ಅದೇ ಹೊತ್ತಿಗೆ ಕೆಳಗಿನ ಊಟದ ಹಾಲ್‌ನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು ಖಾಲಿ ಇರುತ್ತವೆ. ಎಲ್ಲ ಹಡಗಿನಲ್ಲೂ ಮಧ್ಯಾಹ್ನ ಅದನ್ನು ತೆರೆದಿರುವುದಿಲ್ಲ. ನಡುನೀರಿನ ದಿನ ತೆರೆಯುವ ಸಾಧ್ಯತೆ ಜಾಸ್ತಿ.

ನಾವು ಸಸ್ಯಾಹಾರಿಗಳು. ಬಫೆಯಲ್ಲಿ ಯಾವುದರಲ್ಲಿ ಏನಿದೆ ಅಂತ ಚೀಟಿ ಓದಿ ಓದಿ ಸಾಕಾಗುತ್ತದೆ. ಚಮಚ ಅದಲು ಬದಲಾಗುವ ಭಯ ಅತ್ತೆಗೆ. ಕೂತು ಉಣ್ಣುವ ಹಾಲ್‌ನಲ್ಲಿ ಒಬ್ಬರಿಗೆ ಹೇಳಿದರೆ ಸಾಕು. ನಮಗೆ ಸಿಕ್ಕವನು ಉಡುಪಿ ಕಡೆಯ ಹುಡುಗ. ಹೆಸರಿನ ಪಟ್ಟಿ ನೋಡಿ ಅನುಮಾನ ಬಂದು ಕನ್ನಡದಲ್ಲಿ ಕೇಳಿದೆ. ಅವನ ಮುಖ ನೋಡಬೇಕಿತ್ತು. ಆಮೇಲೆ ಮೂರು ಹೊತ್ತೂ ನಮ್ಮ ಮೇಜಿಗೆ ಬೇಳೆ, ಮೊಸರು, ಬಿಸಿ ಅನ್ನ ತಾನಾಗಿ ಬರುತ್ತಿತ್ತು. ಭಾರತೀಯರು ಜಾಸ್ತಿ ಬರುವ ಹಡಗುಗಳಲ್ಲಿ ಸಸ್ಯಾಹಾರಿ, ಜೈನ ಊಟ ಎರಡೂ ಸಿಗುತ್ತದೆ. ಬುಕ್ ಮಾಡುವಾಗಲೇ ಬರೆಸಿ, ಹತ್ತಿದ ದಿನ ಇನ್ನೊಮ್ಮೆ ನೆನಪಿಸಿ. ತಟ್ಟೆ ಇಡ್ಲಿ ಆಸೆ ಇಟ್ಟುಕೊಳ್ಳಬೇಡಿ. ಮುದ್ದೆಯಂತೂ ಕೇಳಲೇಬೇಡಿ. ಭಾವ ಕೇಳಿದರು. ಆ ಹುಡುಗ ಪಾಪ, "ಸರ್, ನಂಗೂ ಆರು ತಿಂಗಳಾಯ್ತು ತಿಂದು" ಅಂದ.

ಬಫೆಗೆ ಒಂದು ಒಳ್ಳೆಯ ಹೊತ್ತಿದೆ. ಮಧ್ಯಾಹ್ನ ಮೂರೂವರೆ. ಟೀ, ಬನ್, ಹಣ್ಣು ಇಟ್ಟಿರುತ್ತಾರೆ, ಕಿಟಕಿ ಪಕ್ಕದ ಮೇಜು ಸಿಗುತ್ತದೆ. ಒಳಗೆ ಹೋಗುವಾಗ ಬಾಗಿಲಲ್ಲಿ ಕೈ ತೊಳೆಯಿರಿ ಅನ್ನುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ನೊರೊವೈರಸ್ ಅನ್ನುವ ವಾಂತಿ ಭೇದಿ ಹಡಗಿನಲ್ಲಿ ಬಹಳ ಬೇಗ ಹರಡುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಇನ್ನೊಂದು ವಿಷಯ: ಕ್ಯಾಬಿನ್‌ನಲ್ಲಿ ಕಾಫಿ ಕಾಯಿಸೋಣ ಅಂತ ಮನೆಯಿಂದ ಕಾಯಿಲ್ ಹೀಟರ್, ಕೆಟಲ್, ಇಸ್ತ್ರಿಪೆಟ್ಟಿಗೆ ತರಬೇಡಿ. ಬೆಂಕಿಯ ಭಯಕ್ಕೆ ಎಲ್ಲವನ್ನೂ ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಸ್ಪಾ, ಕ್ಯಾಸಿನೊ, ಬಿಂಗೊ

ಇವು ದುಡ್ಡು ಕೇಳುವ ಜಾಗಗಳು. ನಡುನೀರಿನ ದಿನ ಹಡಗಿನವರಿಗೆ ಸುಗ್ಗಿ. ಜನ ಬೇರೆಲ್ಲಿಗೂ ಹೋಗುವ ಹಾಗಿಲ್ಲವಲ್ಲ.

ಸ್ಪಾ ಬೇಕಿದ್ದರೆ ನಡುನೀರಿನ ದಿನ ಬೇಡ. ಹಡಗು ಊರಿನಲ್ಲಿ ನಿಂತ ದಿನ ಸ್ಪಾ ಖಾಲಿ ಹೊಡೆಯುತ್ತಿರುತ್ತದೆ, ಅವತ್ತು ರಿಯಾಯಿತಿ ಹಾಕುತ್ತಾರೆ. ಬೆಲೆ ಕೇಳುವಾಗ ಸರ್ವಿಸ್ ಚಾರ್ಜ್ ಸೇರಿ ಎಷ್ಟು ಅಂತ ಕೇಳಿ. ನಾನು ಕೇಳಲಿಲ್ಲ. ತಲೆ, ಕುತ್ತಿಗೆ ತಿಕ್ಕಿದ ನಲವತ್ತು ನಿಮಿಷಕ್ಕೆ ಬಂದ ಬಿಲ್ ನೋಡಿ ಇಳಿದ ತಲೆನೋವು ವಾಪಸು ಬಂತು. ತಪ್ಪು ನನ್ನದೇ, ಕಾಗದದ ಕೆಳಗೆ ಬರೆದಿತ್ತು.

ಕ್ಯಾಸಿನೊ ಹಡಗು ಬಂದರು ಬಿಟ್ಟು ಒಂದಷ್ಟು ದೂರ ಹೋದ ಮೇಲೆ ತೆರೆಯುತ್ತದೆ. ಡ್ಯೂಟಿ ಫ್ರೀ ಅಂಗಡಿಗಳೂ ಹಾಗೆಯೇ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಆಯಾ ದೇಶದ ನೀರು, ಅದರ ಕಾನೂನು. ಕ್ಯಾಸಿನೊ ಬಗ್ಗೆ ನನ್ನ ಅಭಿಪ್ರಾಯ ಒಂದೇ ಸಾಲು: ನಮ್ಮ ಮನೆಯವರು ಇಪ್ಪತ್ತು ನಿಮಿಷ ಕೂತು ಎದ್ದು ಬಂದರು, ಎಷ್ಟು ಹೋಯಿತು ಅಂತ ಇವತ್ತಿಗೂ ಹೇಳಿಲ್ಲ.

ಬಿಂಗೊ ಅಂದರೆ ನಮ್ಮ ಹೌಸಿಯೇ. ಗಣೇಶನ ಹಬ್ಬದಲ್ಲಿ ಬಡಾವಣೆಯವರೆಲ್ಲ ಸೇರಿ ಆಡುತ್ತೇವಲ್ಲ, ಅದೇ. ಅಲ್ಲಿ ಚೀಟಿ ದುಬಾರಿ. ಬದಲಿಗೆ ಟ್ರಿವಿಯಾ ಅಂತ ಒಂದು ಇರುತ್ತದೆ, ಪ್ರಶ್ನೆ ಉತ್ತರದ ಆಟ, ಪುಕ್ಕಟೆ. ಅಕ್ಕನ ಮಗಳು ಆಸ್ಟ್ರೇಲಿಯಾದ ಅಜ್ಜ ಅಜ್ಜಿಯ ಜೊತೆ ಗುಂಪು ಕಟ್ಟಿಕೊಂಡು ಗೆದ್ದಳು. ಬಹುಮಾನ ಒಂದು ಕೀ ಚೈನ್. ಅದನ್ನು ಸ್ಕೂಟರ್ ಕೀಗೆ ಹಾಕಿಕೊಂಡು ಓಡಾಡುತ್ತಿದ್ದಾಳೆ. ಡಾನ್ಸ್ ಕ್ಲಾಸು, ಟವೆಲ್ ಮಡಚಿ ಆನೆ ಮಾಡುವುದು ಕಲಿಸುವ ಕ್ಲಾಸು, ಇವೂ ಪುಕ್ಕಟೆ. ಒಬ್ಬರೇ ಹೋದವರಿಗೆ, ಜನ ಬೇಕು ಅನ್ನುವವರಿಗೆ ನಾನು ಇವನ್ನೇ ಹೇಳುವುದು.

ಹಡಗಿನ ಒಳಗನ್ನು ನೋಡುವುದು

ಇದನ್ನು ಯಾರೂ ಹೇಳುವುದಿಲ್ಲ. ಕೆಲವು ಹಡಗುಗಳಲ್ಲಿ ನಡುನೀರಿನ ದಿನ ಅಡುಗೆಮನೆ ತೋರಿಸುತ್ತಾರೆ, ಅಥವಾ ಹಡಗಿನ ಅಧಿಕಾರಿಯೊಬ್ಬರು ಕೂತು ಪ್ರಶ್ನೆಗಳಿಗೆ ಉತ್ತರ ಹೇಳುತ್ತಾರೆ. ಎಂಜಿನ್, ಸ್ಟೀರಿಂಗ್ ಕೋಣೆಯವರೆಗೆ ಕರೆದುಕೊಂಡು ಹೋಗುವ ಪ್ರವಾಸಕ್ಕೆ ದುಡ್ಡು ಕೇಳುತ್ತಾರೆ. ಮಾತುಕತೆ ಮಾತ್ರ ಪುಕ್ಕಟೆ. ನಮ್ಮ ಹಡಗಿನಲ್ಲಿ ಅದು ಬೆಳಿಗ್ಗೆ ಹನ್ನೊಂದಕ್ಕೆ, ಥಿಯೇಟರಿನಲ್ಲಿ ಇತ್ತು. ಎಲ್ಲರೂ ಪೂಲ್ ಡೆಕ್ಕಿನಲ್ಲಿ ಇರುವ ಹೊತ್ತು. ಬಂದಿದ್ದವರು ಮೂವತ್ತು ಜನ ಇರಬಹುದು.

ಭಾವ ಮುಂದಿನ ಸಾಲಿನಲ್ಲಿ ಕೂತರು. ಮಾವಿನ ತೋಟದವರು ಅವರು. ಅರ್ಧ ಆಯಸ್ಸು ಬೋರ್‌ವೆಲ್ ಕೊರೆಸುವುದರಲ್ಲೇ ಕಳೆದಿದೆ. ಮೊದಲ ದಿನದಿಂದ ಅವರ ತಲೆಯಲ್ಲಿ ಒಂದೇ ಪ್ರಶ್ನೆ. ಇಷ್ಟು ಜನಕ್ಕೆ ಸ್ನಾನ, ಬಟ್ಟೆ, ಅಡುಗೆ, ಇಷ್ಟು ಸಿಹಿನೀರು ಎಲ್ಲಿಂದ? ಮಗಳ ಕೈಲಿ ಇಂಗ್ಲಿಷ್‌ನಲ್ಲಿ ಕೇಳಿಸಿದರು. ಅಧಿಕಾರಿ ಖುಷಿಯಿಂದ ವಿವರಿಸಿದರು. ಒಂದಷ್ಟು ನೀರನ್ನು ಬಂದರಿನಲ್ಲಿ ತುಂಬಿಸಿಕೊಳ್ಳುತ್ತಾರೆ. ಮಿಕ್ಕಿದ್ದನ್ನು ಸಮುದ್ರದಿಂದಲೇ ಮಾಡಿಕೊಳ್ಳುತ್ತಾರೆ. ಎಂಜಿನ್ನಿನ ಬಿಸಿ ಹೇಗೂ ದಂಡವಾಗಿ ಹೋಗುತ್ತಿರುತ್ತದೆ. ಆ ಬಿಸಿಗೆ ಸಮುದ್ರದ ನೀರನ್ನು ಕಾಯಿಸುತ್ತಾರೆ. ಪಾತ್ರೆಯೊಳಗಿನ ಒತ್ತಡ ಇಳಿಸಿರುವುದರಿಂದ ನೂರು ಡಿಗ್ರಿ ಬೇಕಾಗುವುದಿಲ್ಲ, ಕಡಿಮೆ ಬಿಸಿಗೇ ಕುದಿಯುತ್ತದೆ. ಆವಿ ತಣಿದರೆ ಸಿಹಿನೀರು. ಇನ್ನೊಂದು ದಾರಿ ಆರ್‌ಒ. ಸಣ್ಣ ಜರಡಿಯ ಹಾಗಿರುವ ಪೊರೆಯ ಮೂಲಕ ನೀರನ್ನು ಒತ್ತಿ ತಳ್ಳಿದರೆ ಉಪ್ಪು ಈ ಕಡೆ ಉಳಿಯುತ್ತದೆ.

"ಓ, ನಮ್ಮೂರಲ್ಲಿ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನು ಹಿಡಿತೀವಲ್ಲ, ಅದೇ" ಅಂದರು ಭಾವ. ಅದೇ ಮತ್ತೆ. ಫ್ಲೋರೈಡ್ ನೀರಿನ ಊರುಗಳಲ್ಲಿ ನಿಲ್ಲಿಸಿರುವ ಘಟಕದ ದೊಡ್ಡಣ್ಣ. ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ಮಗಳಿಗೆ ಇಂಗ್ಲಿಷ್‌ಗೆ ತಿರುಗಿಸಲು ಆಗಲಿಲ್ಲ. "ಎಷ್ಟು ಇಂಚು ನೀರು ಬೀಳುತ್ತೆ ಕೇಳು." ಬೋರ್‌ವೆಲ್ ನೀರನ್ನು ಇಂಚಿನಲ್ಲಿ ಅಳೆಯುವುದು ಹಡಗಿನವರಿಗೆ ಹೇಗೆ ಗೊತ್ತಾಗಬೇಕು? ಅವರು ಟನ್ನಿನಲ್ಲಿ ಹೇಳಿದರು, ಇವರು ಮನಸ್ಸಿನಲ್ಲೇ ಇಂಚಿಗೆ ತಿರುಗಿಸಿಕೊಂಡು ತಲೆ ತೂಗಿದರು. ಈ ಪ್ರಯಾಣದಲ್ಲಿ ಭಾವನಿಗೆ ದುಡ್ಡು ವಸೂಲಾದ ಒಂದು ಗಂಟೆ ಅದು. ಫುಕೆಟ್ ಹೇಗಿತ್ತು ಅಂತ ಕೇಳಿದರೆ ಈಗಲೂ ನೀರಿನ ಮೆಷಿನ್ ಬಗ್ಗೆ ಹೇಳುತ್ತಾರೆ.

ಮನೆಯಲ್ಲಿ ಒಬ್ಬರು "ನಂಗೆ ಈಜು ಬೇಡ, ಡಾನ್ಸ್ ಬೇಡ, ಏನು ಮಾಡ್ಲಿ" ಅನ್ನುವವರು ಇದ್ದೇ ಇರುತ್ತಾರೆ. ಅವರನ್ನು ಇಲ್ಲಿಗೆ ಕಳಿಸಿ.

ಮಕ್ಕಳ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅವರೇ ದಾರಿ ಕಂಡುಕೊಳ್ಳುತ್ತಾರೆ. ಚಿಕ್ಕವರಿಗೆ ಕಿಡ್ಸ್ ಕ್ಲಬ್ ಇರುತ್ತದೆ, ಬಿಟ್ಟು ಬರಬಹುದು. ನೀರಿನ ಜಾರುಬಂಡೆ ಬೆಳಿಗ್ಗೆ ಮೊದಲ ಅರ್ಧ ಗಂಟೆ ಮಾತ್ರ ಸಾಲಿಲ್ಲದೆ ಸಿಗುತ್ತದೆ. ಗೋಡೆ ಹತ್ತುವ ಆಟಕ್ಕೆ ಮುಚ್ಚಿದ ಶೂ ಬೇಕು. ವಿಡಿಯೊ ಗೇಮ್ ಕೋಣೆಯಲ್ಲಿ ಕಾರ್ಡ್ ಉಜ್ಜಿದಷ್ಟೂ ಬಿಲ್ಲಿಗೆ ಏರುತ್ತದೆ. ಹಡಗಿನಲ್ಲಿ ನಗದು ನಡೆಯುವುದಿಲ್ಲ, ಕ್ಯಾಬಿನ್ ಕೀ ಕಾರ್ಡೇ ಪರ್ಸು. ಮಗನ ಕಾರ್ಡಿಗೆ ಮಿತಿ ಹಾಕಿಸಲು ಮೊದಲ ದಿನವೇ ಕೌಂಟರಿನಲ್ಲಿ ಹೇಳಬಹುದು. ನಾವು ಎರಡನೇ ದಿನ ಹೇಳಿದೆವು.

ಬಾಲ್ಕನಿಯಾ, ಕಿಟಕಿ ಇಲ್ಲದ ಕ್ಯಾಬಿನ್ನಾ

ಏನೂ ಮಾಡದೆ ಕಳೆಯುವವರಿಗೆ ಈ ಪ್ರಶ್ನೆ ದೊಡ್ಡದು. ದಿನವೂ ಊರು ಸುತ್ತುವ ಪ್ರಯಾಣವಾದರೆ ಬಾಲ್ಕನಿಗೆ ದುಡ್ಡು ಸುರಿಯಬೇಡಿ, ಕ್ಯಾಬಿನ್ ಮಲಗಲು ಮಾತ್ರ. ನಡುನೀರಿನ ದಿನ ಎರಡು ಇದ್ದರೆ ಯೋಚಿಸಿ. ಗಂಡ ಹೆಂಡತಿ ಇಬ್ಬರೇ ಆದರೆ ಬಾಲ್ಕನಿ. ಏಳೆಂಟು ಜನದ ಗುಂಪಾದರೆ ಒಂದು ಬಾಲ್ಕನಿ ಕ್ಯಾಬಿನ್, ಮಿಕ್ಕವು ಒಳಗಿನವು. ಎಲ್ಲರೂ ಆ ಒಂದರಲ್ಲೇ ಬಂದು ಸೇರುತ್ತಾರೆ. ನಾವು ಹಾಗೇ ಮಾಡಿದ್ದು. ಒಳಗಿನ ಕ್ಯಾಬಿನ್‌ಗೆ ಒಂದು ಗುಣ ಇದೆ, ಲೈಟ್ ಆರಿಸಿದರೆ ಮಧ್ಯಾಹ್ನವೂ ಅಮಾವಾಸ್ಯೆ. ಅಂಥ ನಿದ್ದೆ ನನಗೆ ತವರಿನಲ್ಲೂ ಬಂದಿಲ್ಲ.

ನಮ್ಮ ಮನೆಯವರು ಬಾಲ್ಕನಿಯಲ್ಲಿ ಕೂತು ಹಡಗು ಎಣಿಸಿದರು. ಮಲಾಕ್ಕಾ ಜಲಸಂಧಿ ಪ್ರಪಂಚದಲ್ಲೇ ಅತಿ ಹೆಚ್ಚು ಹಡಗು ಓಡಾಡುವ ದಾರಿಗಳಲ್ಲಿ ಒಂದು. ಸಿಂಗಾಪುರದ ಹತ್ತಿರ ಹಡಗು ಓಡಾಡುವ ದಾರಿ ಸುಮಾರು 2.8 ಕಿಲೋಮೀಟರ್‌ಗೆ ಇಳಿಯುತ್ತದೆ. ಬಟವಾಡಿ ಹತ್ತಿರ ಹೈವೇ ಪಕ್ಕ ನಿಂತ ಹಾಗೆ, ಒಂದರ ಹಿಂದೆ ಒಂದು. ಪೆಟ್ಟಿಗೆ ಪೆಟ್ಟಿಗೆ ಪೇರಿಸಿದ ಕಂಟೇನರ್ ಹಡಗು, ಎಣ್ಣೆ ಹಡಗು, ನಡುವೆ ನುಸುಳುವ ಮೀನಿನ ದೋಣಿ. ಕತ್ತಲಾದ ಮೇಲೆ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಕೆಂಪು ಕಾಣಿಸಿದರೆ ಅದರ ಎಡ ಮಗ್ಗುಲು ನಮ್ಮ ಕಡೆಗಿದೆ ಅಂತ ಅರ್ಥ. ಅರಬ್ಬೀ ಸಮುದ್ರದ ಪ್ರಯಾಣದಲ್ಲಿ ಇಷ್ಟು ಹಡಗು ಕಾಣುವುದಿಲ್ಲ. ಅಲ್ಲಿ ಹಾರುಮೀನು ನೋಡಲು ಕೂರಬೇಕು. ಹಡಗಿನ ಮೂತಿಗೆ ಬೆದರಿ ನೀರಿನಿಂದ ಚಿಮ್ಮಿ ಒಂದಷ್ಟು ದೂರ ತೇಲಿಕೊಂಡು ಹೋಗುತ್ತವೆ.

ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿ ಇಡಿ. ಹಡಗಿನದ್ದೇ ಮೊಬೈಲ್ ಸಿಗ್ನಲ್ ಇರುತ್ತದೆ, ಉಪಗ್ರಹದ ಮೂಲಕ, ಊರಿನ ರೋಮಿಂಗ್ ಪ್ಯಾಕ್ ಅದಕ್ಕೆ ಸಾಮಾನ್ಯವಾಗಿ ಲಾಗೂ ಆಗುವುದಿಲ್ಲ. ವೈಫೈ ಬೇಕೇ ಬೇಕು ಅಂದರೆ ಏಳು ಜನಕ್ಕೆ ಒಂದು ಪ್ಯಾಕ್ ತಗೊಂಡು ಸರದಿಯಲ್ಲಿ ಬಳಸಿ. ನಾವು ಒಂದು ದಿನ ತಗೊಳ್ಳಲೇ ಇಲ್ಲ. ಮಗ ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಪಕ್ಕ ಕೂತು ಹತ್ತಿ ಬಿಡಿಸಿಕೊಡುತ್ತಿದ್ದ.

ಸಂಜೆಗೆ

ಶೋ ಸಾಮಾನ್ಯವಾಗಿ ಎರಡು ಸಲ ಇರುತ್ತದೆ, ಬೇಗನೆ ಒಂದು, ತಡವಾಗಿ ಒಂದು. ಹಿರಿಯರು, ಮಕ್ಕಳಿರುವವರು ಮೊದಲನೆಯದಕ್ಕೆ ಹೋಗಿ ಆಮೇಲೆ ಊಟ ಮಾಡಿ. ಥಿಯೇಟರಿನ ಎಸಿಗೆ ಶಾಲು ಬೇಕು. ಒಂದು ರಾತ್ರಿ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಬನ್ನಿ ಅನ್ನುತ್ತಾರೆ, ಬಹಳ ಸಲ ನಡುನೀರಿನ ದಿನದ ರಾತ್ರಿಯೇ. ಅಕ್ಕ ಅಷ್ಟು ಹೊತ್ತಿಗೆ ಎದ್ದು, ಮುಖ ತೊಳೆದು, ಮಗಳ ಮದುವೆಗೆ ಅಂತ ತೆಗೆದಿಟ್ಟಿದ್ದ ಶಿಡ್ಲಘಟ್ಟದ ರೇಷ್ಮೆಯ ಸೀರೆ ಉಟ್ಟು ಬಂದಳು. ಬೆಳಿಗ್ಗೆ ಪೂಲಿನ ಹತ್ತಿರ ಕುರ್ಚಿ ಬಿಟ್ಟುಕೊಡದ ಇಬ್ಬರು ಹೆಂಗಸರು ಎದ್ದು ಬಂದು ಅವಳ ಜೊತೆ ಫೋಟೊ ತೆಗೆಸಿಕೊಂಡರು.

ಮರುದಿನ ಬೆಳಿಗ್ಗೆ ಇಳಿಯುವುದಾದರೆ ಒಂದು ಕೆಲಸ ಸಂಜೆಯೇ ಮುಗಿಸಿ. ಶೋ ನಡೆಯುವ ಹೊತ್ತಿಗೆ ಕೌಂಟರಿನಲ್ಲಿ ಸಾಲು ಇರುವುದಿಲ್ಲ, ಆಗ ಹೋಗಿ ಇಲ್ಲಿಯವರೆಗಿನ ಬಿಲ್ ಪ್ರಿಂಟ್ ಹಾಕಿಸಿಕೊಳ್ಳಿ. ಬೆಳಿಗ್ಗೆ ಹೋದರೆ ಅರ್ಧ ಹಡಗು ಅಲ್ಲೇ ನಿಂತಿರುತ್ತದೆ. ದೊಡ್ಡ ಸೂಟ್‌ಕೇಸಿಗೆ ಚೀಟಿ ಕಟ್ಟಿ ರಾತ್ರಿ ಬಾಗಿಲ ಹೊರಗಿಟ್ಟರೆ ಅವರೇ ಇಳಿಸುತ್ತಾರೆ. ಬೆಳಿಗ್ಗೆ ಉಡುವ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಅದರೊಳಗೆ ಹಾಕಿಬಿಡಬೇಡಿ. ನಮ್ಮ ಬಿಲ್ಲಿನಲ್ಲಿ ನನ್ನ ಸ್ಪಾ, ಮಗನ ವಿಡಿಯೊ ಗೇಮ್, ಮನೆಯವರ ಹೆಸರಲ್ಲಿ ಕ್ಯಾಸಿನೊದ ಒಂದು ಸಾಲು ಇತ್ತು. ಆ ಸಾಲಿನ ಮೇಲೆ ಅವರು ಹೆಬ್ಬೆರಳು ಇಟ್ಟುಕೊಂಡೇ ಓದಿದರು. ಅತ್ತೆಯ ಹೆಸರಿನ ಮುಂದೆ ಸೊನ್ನೆ.